ದೇವರು ಕೊಟ್ಟ ಪ್ರತಿಭೆಯನ್ನು ಮಗ ಬಿಟ್ಟರೆ ಅದು ಪಾಪವೇ?

ಪ್ರಶ್ನೆ: ನಾವು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿದ್ದೇವೆ. ನಮ್ಮ ಯಜಮಾನರು ತೋಟದ ಲೆಕ್ಕ ಬರೆಯುವ ರೈಟರ್. ನಾವು ಕೊಂಕಣಿ ಕಥೋಲಿಕರು. ಮಗನಿಗೆ 17 ವರ್ಷ, ಎರಡನೇ ಪಿಯುಸಿ. ಆರನೇ ಕ್ಲಾಸಿನಿಂದ ಹಾಕಿ ಆಡುತ್ತಿದ್ದ, ಜಿಲ್ಲಾ ತಂಡದಲ್ಲೂ ಆಡಿದ. ‘ದೇವರು ಕೊಟ್ಟ ಕೈ’ ಅಂತ ಎಲ್ಲರೂ ಹೇಳುತ್ತಿದ್ದರು. ಕಳೆದ ವರ್ಷ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಡಾಕ್ಟರು ಮತ್ತೆ ಆಡಬಹುದು ಅಂದಿದ್ದಾರೆ. ಇವನು ಮಾತ್ರ ‘ಸಾಕಮ್ಮ, ಆಟೊಮೊಬೈಲ್ ಡಿಪ್ಲೊಮಾ ಮಾಡ್ತೀನಿ’ ಅಂತಾನೆ. ನಮ್ಮ ಪ್ರಾರ್ಥನಾ ಕೂಟಕ್ಕೆ ಬರುವ ಒಬ್ಬ ಬೋಧಕರು ಅವನ ಮುಂದೆಯೇ ಬೈಬಲಿನ ಒಂದು ಕಥೆ ಎತ್ತಿ ‘ತಲಾಂತು ಹೂತಿಟ್ಟ ಆಳಿನ ಗತಿ ಏನಾಯ್ತು ಗೊತ್ತಲ್ಲ’ ಎಂದರು. ಸನ್ಮಾನದ ದಿನ ಮೈಕಿನಲ್ಲಿ ಕೋಚಿಗೆ, ಅಪ್ಪನಿಗೆ ಥ್ಯಾಂಕ್ಸ್ ಹೇಳಿ ದೇವರ ಹೆಸರು ಎತ್ತಲಿಲ್ಲ, ಅದಕ್ಕೇ ಕಾಲು ಹೋಯಿತು ಎಂದೂ ಹೇಳಿದರು. ಯಜಮಾನರಿಗೆ ಸಿಟ್ಟು ಬಂತು. ‘ದೇವರು ಬಂದು ಬೂಟು ಕೊಡಿಸಿದ್ನಾ? ನನ್ನ ಬೆವರು, ಅವನ ಬೆವರು’ ಎಂದವರು ಆಮೇಲೆ ಚರ್ಚಿನ ಪೂಜೆಗೇ ಬರುತ್ತಿಲ್ಲ. ಮಗ ಇನ್ನೊಂದು ಕೇಳುತ್ತಾನೆ: ‘ನನ್ನ ಜೊತೆ ಆಡೋ ಕೊಡವ ಹುಡುಗರು ಅವರ ಮನೆತನದ ಮೂಲಪುರುಷ ಗುರು ಕಾರೋಣನನ್ನು ನೆನೆಸ್ಕೊಂಡು ಆಡ್ತಾರೆ, ಅವರಿಗೆ ಕೊಟ್ಟಿದ್ದು ಯಾರು?’ ಇದರ ಮಧ್ಯೆ 14 ವರ್ಷದ ಮಗಳು ‘ನಂಗೆ ದೇವರು ಏನೂ ಕೊಟ್ಟಿಲ್ಲ ಅಲ್ವಾ ಅಮ್ಮ’ ಅಂದಳು. ಅವಳೇ ನನ್ನ ಅತ್ತೆಯ ಮಾತ್ರೆ, ಊಟ ಎಲ್ಲ ನೋಡಿಕೊಳ್ಳುವವಳು. ಮಗ ಆಟ ಬಿಟ್ಟರೆ ಪಾಪವಾ? ಎಲ್ಲ ದೇವರದ್ದೇ ಆದರೆ ನಮ್ಮ ಕಷ್ಟಕ್ಕೆ ಬೆಲೆ ಇಲ್ಲವಾ? ಮುಂದಿನ ತಿಂಗಳು ಯುವಜನರ ಕಾರ್ಯಕ್ರಮದಲ್ಲಿ ಅವನು ಸಾಕ್ಷಿ (ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ) ಹೇಳಬೇಕಂತೆ. ಹೇಳಿಸಲಾ?
(ಹೆಸರು ಬೇಡ ಎಂದವರು, ಕೊಡಗು)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿವೆ, ಆದರೆ ಹೆದರಿಕೆ ಒಂದೇ. ದೇವರು ಕೊಟ್ಟದ್ದಕ್ಕೆ ಲೆಕ್ಕ ಕೇಳುತ್ತಾನೆ, ನಾವು ಆ ಲೆಕ್ಕದಲ್ಲಿ ತಪ್ಪಿದ್ದೇವೆ, ಶಿಕ್ಷೆ ಶುರುವಾಗಿದೆ. ಇದೇ ಅಲ್ವಾ ನಿಮ್ಮನ್ನು ರಾತ್ರಿ ನಿದ್ದೆಗೆಡಿಸುತ್ತಿರುವುದು?

ನಾನು ಧರ್ಮಗುರು ಅಲ್ಲ. ದೈವಶಾಸ್ತ್ರ ಓದಿ, ಕಲಿಸಿ, ಈಗ ಕುಟುಂಬಗಳ ಆಪ್ತಸಮಾಲೋಚನೆ ಮಾಡುವವಳು. ಕೊಡಗಿನ ಮನೆಗಳಿಂದ ಇಂಥ ಮಾತು ಕೇಳುವುದು ನನಗೆ ಹೊಸದಲ್ಲ. ಹಾಕಿ ಇದ್ದ ಜಾಗದಲ್ಲಿ ಕೆಲವೊಮ್ಮೆ ಕೀಬೋರ್ಡ್ ಇರುತ್ತದೆ, ಕೆಲವೊಮ್ಮೆ ನೀಟ್ ಪರೀಕ್ಷೆ.

ಮೊದಲು ಮೊಣಕಾಲಿನ ವಿಷಯ ಮುಗಿಸಿಬಿಡೋಣ. ಅದು ತಲೆಯಲ್ಲಿ ಕೂತಿರುವವರೆಗೆ ಬೇರೆ ಯಾವ ಮಾತೂ ಒಳಗೆ ಇಳಿಯುವುದಿಲ್ಲ. ಮೈಕಿನಲ್ಲಿ ತನ್ನ ಹೆಸರು ಹೇಳಲಿಲ್ಲ ಎಂದು ದೇವರು ಒಬ್ಬ ಹುಡುಗನ ಕಾಲು ಮುರಿಯುತ್ತಾನೆ ಎಂಬುದು ಕ್ರೈಸ್ತ ಬೋಧನೆಯೇ ಅಲ್ಲ. ಕಥೋಲಿಕರದ್ದೂ ಅಲ್ಲ, ಪ್ರೊಟೆಸ್ಟೆಂಟರಾದ ಸಿಎಸ್‌ಐನವರದ್ದೂ (ದಕ್ಷಿಣ ಭಾರತ ಸಭೆ) ಅಲ್ಲ. ಇಂಥ ಪ್ರಶ್ನೆ ಯೇಸುವಿನ ಮುಂದೆಯೇ ಬಂದಿತ್ತು. ಬೈಬಲಿನ ಯೋಹಾನ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬನನ್ನು ನೋಡಿ ಶಿಷ್ಯರು ‘ಪಾಪ ಮಾಡಿದ್ದು ಇವನೋ, ಇವನ ಅಪ್ಪ ಅಮ್ಮನೋ’ ಎಂದು ಕೇಳುತ್ತಾರೆ. ಇಬ್ಬರೂ ಅಲ್ಲ ಎನ್ನುತ್ತಾನೆ ಯೇಸು. ಲೂಕ 13ರಲ್ಲಿ ಗೋಪುರ ಬಿದ್ದು ಸತ್ತ 18 ಜನರ ಮಾತು ಬರುತ್ತದೆ. ಅವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳೇನೂ ಅಲ್ಲ ಎಂದು ಅಲ್ಲೂ ನೇರವಾಗಿ ಹೇಳುತ್ತಾನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದು ನಿಮಗೆ ನೆನಪಿರುತ್ತದೆ. ಅಲ್ಲಿ ಮನೆ ಕಳೆದುಕೊಂಡವರ ಮುಂದೆ ನಿಂತು ‘ಇದು ನಿಮ್ಮ ಪಾಪದ ಫಲ’ ಎಂದು ಯಾರಾದರೂ ಹೇಳಿದ್ದರೆ ನೀವು ಒಪ್ಪುತ್ತಿದ್ದಿರಾ?

ಮೊಣಕಾಲಿನ ಆ ಲಿಗಮೆಂಟ್ ಬಹಳ ಸಲ ಯಾರೂ ತಾಗದೆಯೇ ಹರಿಯುತ್ತದೆ. ಓಡುತ್ತಾ ಇದ್ದವರು ಗಕ್ಕನೆ ನಿಂತಾಗ, ಕಾಲು ಊರಿ ದಿಕ್ಕು ಬದಲಿಸಿದಾಗ. ಹಾಕಿಯಲ್ಲಿ ಇದು ನಿಮಿಷಕ್ಕೊಮ್ಮೆ ನಡೆಯುವ ಚಲನೆ. ಮೈಕಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ನು, ಕೋಚಿಗೆ ಮತ್ತು ಅಪ್ಪನಿಗೆ ಅವನು ಹೇಳಿದ ಥ್ಯಾಂಕ್ಸ್ ದೇವರಿಗೆ ತಲುಪಲಿಲ್ಲ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಈಗ ತಲಾಂತಿನ ಕಥೆಗೆ ಬರೋಣ. ಮತ್ತಾಯ 25ರಲ್ಲಿ ಯಜಮಾನನೊಬ್ಬ ದೂರ ಹೋಗುವಾಗ ಮೂವರು ಆಳುಗಳ ಕೈಗೆ ಐದು, ಎರಡು, ಒಂದು ತಲಾಂತು ಕೊಡುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ನೆಲದಲ್ಲಿ ಹೂತಿಡುತ್ತಾನೆ. ನಮ್ಮ ಕಡೆ ಪ್ರಬೋಧನೆಗಳಲ್ಲಿ ಈ ಕಥೆ ಬಂದಾಗ ಎಲ್ಲರ ಕಣ್ಣು ಆ ಗುಂಡಿಯ ಮೇಲೆ. ಅವನು ಯಾಕೆ ಹೂತಿಟ್ಟ ಎಂದು ಕೇಳುವವರು ಕಡಿಮೆ. ಅವನ ಬಾಯಲ್ಲೇ ಉತ್ತರ ಇದೆ: ನೀನು ಕಠಿಣ ಮನುಷ್ಯ ಅಂತ ನನಗೆ ಗೊತ್ತಿತ್ತು, ನನಗೆ ಹೆದರಿಕೆಯಾಯಿತು. ಅವನ ಕೈ ಕಟ್ಟಿಹಾಕಿದ್ದು ಸೋಮಾರಿತನಕ್ಕಿಂತ ಮೊದಲು ಯಜಮಾನನ ಬಗ್ಗೆ ಅವನು ಇಟ್ಟುಕೊಂಡಿದ್ದ ಆ ಚಿತ್ರ. ಈಗ ಅದೇ ಕಥೆ ಹೇಳಿ ಒಬ್ಬ ಹುಡುಗನನ್ನು ಹೆದರಿಸಿದರೆ ನಾವು ಅವನನ್ನು ಯಾವ ಆಳಾಗಿ ತಯಾರು ಮಾಡುತ್ತಿದ್ದೇವೆ? ಮೂರನೆಯವನಾಗಿಯೇ.

ಕಥೆಯ ಕೊನೆ ಕಠಿಣವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಹೂತಿಟ್ಟವನನ್ನು ಹೊರಗಿನ ಕತ್ತಲೆಗೆ ಹಾಕುತ್ತಾರೆ. ಕೈಗೆ ಬಂದದ್ದಕ್ಕೆ ನಾವು ಜವಾಬ್ದಾರರು ಎಂಬುದು ಕ್ರೈಸ್ತ ನಂಬಿಕೆಯ ಭಾಗವೇ. ಆದರೆ ಇನ್ನೂ ಕೆಲವು ವಿವರ ನೋಡಿ. ತಲಾಂತು ಅಲ್ಲಿ ಹಣ. ಸುಮಾರು 6000 ದಿನಾರಿಗೆ ಸಮ. ಒಂದು ದಿನಾರಿ ಆಗಿನ ಒಂದು ದಿನದ ಕೂಲಿ, ಮತ್ತಾಯ 20ರಲ್ಲೇ ಇದೆ. ಅಂದರೆ ‘ಬರೀ ಒಂದು’ ಸಿಕ್ಕಿದವನ ಕೈಯಲ್ಲೂ ಹತ್ತಿರ ಹತ್ತಿರ 20 ವರ್ಷದ ಕೂಲಿ ಇತ್ತು. ತೋಟದ ಲೆಕ್ಕ ಬರೆಯುವ ನಿಮ್ಮ ಯಜಮಾನರಿಗೆ ಇದು ಎಷ್ಟು ದೊಡ್ಡ ಮೊತ್ತ ಅಂತ ನಾನು ಹೇಳಬೇಕಾಗಿಲ್ಲ. ಇನ್ನೊಂದು: ಯಾವ ವ್ಯಾಪಾರ ಮಾಡಬೇಕು ಎಂದು ಯಜಮಾನ ಯಾರಿಗೂ ಹೇಳಿ ಹೋಗಲಿಲ್ಲ. ಮರಳಿ ಬಂದಾಗ ಐದರವನಿಗೂ ಎರಡರವನಿಗೂ ಹೇಳಿದ ಮೆಚ್ಚುಗೆ ಅಕ್ಷರ ಅಕ್ಷರ ಒಂದೇ. ಅದೇ ಅಧ್ಯಾಯದಲ್ಲಿ ಮುಂದೆ ಬರುವ ಕೊನೆಯ ತೀರ್ಪಿನ ದೃಶ್ಯದಲ್ಲಿ ಕೇಳುವ ಪ್ರಶ್ನೆಗಳೂ ಬೇರೆ. ಹಸಿದವನಿಗೆ ಊಟ ಕೊಟ್ಟಿರಾ, ರೋಗಿಯನ್ನು ನೋಡಲು ಹೋದಿರಾ? ಯಾವ ತಂಡಕ್ಕೆ ಆಡಿದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ಪ್ರತಿಭೆ ದೇವರ ಕೊಡುಗೆ ಎನ್ನುವುದು ಸುಳ್ಳಾ? ಅಲ್ಲ. ಇದು ಕ್ರೈಸ್ತ ಧರ್ಮದ ಹಳೆಯ, ಗಟ್ಟಿ ನಂಬಿಕೆ. ಒಳ್ಳೆಯ ಕೊಡುಗೆಗಳೆಲ್ಲ ಮೇಲಿನಿಂದ ಬರುತ್ತವೆ ಎನ್ನುತ್ತದೆ ಯಾಕೋಬನ ಪತ್ರ. ‘ನೀನು ಪಡೆಯದೆ ಇದ್ದದ್ದು ನಿನ್ನ ಹತ್ತಿರ ಏನಿದೆ’ ಎಂದು ಪ್ರೇಷಿತ ಪೌಲ ಕೊರಿಂಥ ಪಟ್ಟಣದ ಕ್ರೈಸ್ತರನ್ನು ಕೇಳುತ್ತಾನೆ. ಆದರೆ ಈ ಮಾತುಗಳನ್ನು ಯಾರಿಗೆ ಹೇಳಿದ್ದು ಎನ್ನುವುದನ್ನು ನೋಡಲೇಬೇಕು. ಕೊರಿಂಥದ ಸಭೆಯವರು ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಎಂದು ಗುಂಪು ಕಟ್ಟಿಕೊಂಡು ಕೊಚ್ಚಿಕೊಳ್ಳುತ್ತಿದ್ದರು. ಪೌಲ ಆ ಜಂಬಕ್ಕೆ ಸೂಜಿ ಚುಚ್ಚಿದ. ಧರ್ಮೋಪದೇಶಕಾಂಡ 8ರಲ್ಲಿ ‘ನನ್ನ ಕೈಯ ಬಲದಿಂದಲೇ ಇಷ್ಟೆಲ್ಲ ಗಳಿಸಿದೆ ಅಂದುಕೊಳ್ಳಬೇಡ, ಗಳಿಸುವ ಶಕ್ತಿ ಕೊಟ್ಟದ್ದು ದೇವರು’ ಎಂಬ ಮಾತಿದೆ. ಅದು ಮುಂದೆ ಒಳ್ಳೆಯ ಮನೆ ಕಟ್ಟಿ, ಹೊಟ್ಟೆ ತುಂಬ ಉಂಡು, ಬೆಳ್ಳಿ ಬಂಗಾರ ಹೆಚ್ಚಾದಾಗ ಬರುವ ಮರೆವಿಗೆ ಹೇಳಿದ್ದು. ಆಪರೇಷನ್ ಆದ ಕಾಲು ಚಾಚಿ ಕೂತ ಹುಡುಗನಿಗೆ ಹೇಳಿದ್ದಲ್ಲ. ತಿಂಗಳ ಸಂಬಳದಲ್ಲಿ ಬೂಟು, ಸ್ಟಿಕ್, ಬಸ್ ಚಾರ್ಜು ಹೊಂದಿಸಿದ ಅಪ್ಪನಿಗೂ ಅಲ್ಲ. ಬಿಪಿ ಜಾಸ್ತಿ ಇರುವವನಿಗೆ ಕೊಡುವ ಮಾತ್ರೆಯನ್ನು ಬಿಪಿ ಇಳಿದು ತಲೆ ಸುತ್ತುತ್ತಿರುವವನಿಗೆ ಕೊಟ್ಟರೆ ಏನಾಗುತ್ತದೆ? ಮಾತ್ರೆ ಕೆಟ್ಟದ್ದಲ್ಲ. ಕೊಟ್ಟವರು ರೋಗಿಯನ್ನು ನೋಡಲಿಲ್ಲ, ಅಷ್ಟೇ.

‘ಎಲ್ಲ ದೇವರದ್ದಾದರೆ ನಮ್ಮ ಕಷ್ಟಕ್ಕೆ ಬೆಲೆ ಇಲ್ಲವಾ’ ಎಂಬ ನಿಮ್ಮ ಪ್ರಶ್ನೆ ಇದೆಯಲ್ಲ, ಅದರ ಮೇಲೆ ಚರ್ಚಿನಲ್ಲಿ ಐದನೇ ಶತಮಾನದಲ್ಲೇ ದೊಡ್ಡ ವಾದ ನಡೆದಿದೆ. ಮನುಷ್ಯ ತನ್ನ ಶಕ್ತಿಯಿಂದಲೇ ಒಳ್ಳೆಯವನಾಗಬಲ್ಲ ಎಂದವನು ಪೆಲಾಜಿಯುಸ್. ಕೃಪೆ ಇಲ್ಲದೆ ಆಗದು ಎಂದು ವಾದಿಸಿದವನು ಸಂತ ಅಗಸ್ಟೀನ್. ಚರ್ಚ್ ಅಗಸ್ಟೀನನ ಪಕ್ಷ ಹಿಡಿಯಿತು. ಆದರೆ ಅಗಸ್ಟೀನ್ ಮನುಷ್ಯನ ಶ್ರಮವನ್ನು ಅಳಿಸಿಹಾಕಲಿಲ್ಲ. ದೇವರು ನಮ್ಮ ಪುಣ್ಯಕ್ಕೆ ಕಿರೀಟ ತೊಡಿಸುವಾಗ ತನ್ನ ಕೊಡುಗೆಗಳಿಗೇ ಕಿರೀಟ ತೊಡಿಸುತ್ತಾನೆ ಎಂದ. ಸಂತರ ಹಬ್ಬದ ಪೂಜೆಯಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಕಿರೀಟ ಮನುಷ್ಯನ ತಲೆಯ ಮೇಲೆಯೇ ಇದೆ, ಗಮನಿಸಿ. ಪೌಲನೂ ಹಾಗೆಯೇ. ‘ನಾನು ಅವರೆಲ್ಲರಿಗಿಂತ ಹೆಚ್ಚು ದುಡಿದೆ’ ಎಂದು ಮೊದಲು ನಾಚಿಕೆ ಇಲ್ಲದೆ ಹೇಳುತ್ತಾನೆ, ಆಮೇಲೆ ‘ನಾನಲ್ಲ, ನನ್ನ ಜೊತೆಗಿದ್ದ ದೇವರ ಕೃಪೆ’ ಎನ್ನುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಇನ್ನೂ ಬಿಡಿಸಿ ಹೇಳಿತು. ಮನುಷ್ಯ ತನ್ನ ಬುದ್ಧಿ, ಶಕ್ತಿಯಿಂದ ಸಾಧಿಸಿದ್ದು ದೇವರ ಶಕ್ತಿಗೆ ಪೈಪೋಟಿ ಅಲ್ಲ, ಆ ಗೆಲುವುಗಳು ದೇವರ ಕೃಪೆಯ ಗುರುತು ಎಂದಿತು. ಹಾಗಾಗಿ ನಿಮ್ಮ ಮನೆಯಲ್ಲಿ ‘ದೇವರು ಇಷ್ಟು ಪಾಲು, ಬೆವರು ಇಷ್ಟು ಪಾಲು’ ಎಂದು ಹಂಚುವ ಜಗಳವೇ ಬೇಡ. ಬೆಳಿಗ್ಗೆ ಮಂಜಿನಲ್ಲಿ ಎದ್ದು ಮೈದಾನಕ್ಕೆ ಹೋದವನು ನಿಮ್ಮ ಮಗ, ಪೂರ್ತಿ ಅವನೇ. ಹಾಗೆ ಎದ್ದು ಹೋಗುವ ಮನಸ್ಸು, ಕೈಕಾಲು, ಕರೆದುಕೊಂಡು ಹೋಗಲು ಒಬ್ಬ ಅಪ್ಪ, ಹತ್ತಿರದಲ್ಲೊಂದು ಮೈದಾನ, ಇದನ್ನೆಲ್ಲ ಅವನು ಸಂಪಾದಿಸಿ ತಂದದ್ದಲ್ಲ ಎಂಬುದೂ ನಿಜ. ಅದಕ್ಕೆ ಕ್ರೈಸ್ತರು ದೇವರಿಗೆ ಥ್ಯಾಂಕ್ಸ್ ಹೇಳುತ್ತಾರೆ.

ಸಿಕ್ಕಿದ್ದು ಎಷ್ಟು ಸಣ್ಣ ಸಂಗತಿಗಳಲ್ಲಿರುತ್ತದೆ ನೋಡಿ. ಐಸ್ ಹಾಕಿ ಆಟದಲ್ಲಿ, ಫುಟ್‌ಬಾಲ್‌ನಲ್ಲಿ ಕಂಡುಬಂದ ಒಂದು ವಿಷಯ ಇದೆ. ವಯಸ್ಸಿನ ಗುಂಪು ಮಾಡಿ ಮಕ್ಕಳನ್ನು ಆರಿಸುವಾಗ, ಆ ಗುಂಪಿನ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆಯಾಗುತ್ತಾರೆ. ಕೆಲವು ತಿಂಗಳು ದೊಡ್ಡವರು, ಸ್ವಲ್ಪ ಎತ್ತರ, ಸ್ವಲ್ಪ ಬಲ. ಕೋಚ್ ಅದನ್ನು ‘ಪ್ರತಿಭೆ’ ಎಂದು ಓದುತ್ತಾನೆ. ಯಾವ ತಿಂಗಳಲ್ಲಿ ಹುಟ್ಟಬೇಕು ಎಂದು ಯಾವ ಮಗುವೂ ಆರಿಸಿಕೊಂಡು ಬರುವುದಿಲ್ಲವಲ್ಲ.

ಮಗ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಕೊಡವ ಹುಡುಗರಿಗೆ ಕೊಟ್ಟದ್ದು ಯಾರು? ಈ ವಯಸ್ಸಿನಲ್ಲಿ ಹೀಗೆ ಕೇಳುವವನಿಗೆ ನಂಬಿಕೆ ಕಡಿಮೆಯಾಗಿದೆ ಎಂದು ಗಾಬರಿಯಾಗಬೇಡಿ, ಅವನು ಯೋಚನೆ ಮಾಡುತ್ತಿದ್ದಾನೆ. ಕ್ರೈಸ್ತ ಉತ್ತರ ಸರಳ: ಅದೇ ದೇವರು. ಆತ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯ ಮೂಡಿಸುತ್ತಾನೆ, ಮಳೆ ಸುರಿಸುತ್ತಾನೆ ಎಂದವನು ಯೇಸುವೇ. ಆದಿಕಾಂಡದಲ್ಲಿ ಮೊದಲ ಸಂಗೀತಗಾರ, ಮೊದಲ ಕಮ್ಮಾರ ಹುಟ್ಟುವುದು ತಮ್ಮನನ್ನು ಕೊಂದ ಕಾಯಿನನ ವಂಶದಲ್ಲಿ. ಸೊಲೊಮೋನನ ದೇವಾಲಯಕ್ಕೆ ತಾಮ್ರದ ಕಂಬ ಎರಕ ಹೊಯ್ದವನ ತಂದೆ ಇಸ್ರಯೇಲಿನವನಲ್ಲ, ತೂರ್ ಪಟ್ಟಣದವನು. ಪ್ರತಿಭೆ ಚರ್ಚಿನ ಬೇಲಿಯೊಳಗೆ ಮಾತ್ರ ಬೆಳೆಯುತ್ತದೆ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ.

ಅಷ್ಟು ದೂರ ಯಾಕೆ, ಕೊಡಗಿನ ನಿಮ್ಮ ಸಮುದಾಯದ ಕಥೆಯನ್ನೇ ನೋಡಿ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ವಿರಾಜಪೇಟೆಯಲ್ಲಿ ನೆಲೆ ಸಿಕ್ಕಿತು. 1792ರ ಸುಮಾರಿನಲ್ಲಿ ಅಲ್ಲಿ ಸಂತ ಅನ್ನಮ್ಮನ ಚರ್ಚ್ ಶುರುವಾಯಿತು. ಜಾಗ ಕೊಟ್ಟವನು ದೊಡ್ಡವೀರರಾಜೇಂದ್ರ, ಲಿಂಗಾಯತ ರಾಜ. ಕೊಡಗಿನಲ್ಲಿ ಕಥೋಲಿಕರು ಬೇರೂರಿದ್ದೇ ಬೇರೆ ಧರ್ಮದವನ ಕೈಯಿಂದ ಬಂದ ಕೊಡುಗೆಯ ಮೇಲೆ. ಹೀಗಿರುವಾಗ ಜೊತೆಯ ಹುಡುಗ ಗುರು ಕಾರೋಣನನ್ನು ನೆನೆದು ಸ್ಟಿಕ್ ಹಿಡಿದರೆ ನಿಮ್ಮ ಮಗ ಅವನ ಆಟವನ್ನು ಮನಸಾರೆ ಮೆಚ್ಚಬಹುದು. ಅದರಲ್ಲಿ ಯಾವ ದ್ರೋಹವೂ ಇಲ್ಲ. ನಾನು ಪಡೆದುಕೊಂಡು ಬಂದವನು, ನನ್ನ ಹಿರಿಯರಿಂದ ಬಂದವನು ಎಂಬ ಭಾವ ಆ ಹುಡುಗನಲ್ಲೂ ಇದೆ.

ಈ ಒತ್ತಡ ನಿಮ್ಮ ಮನೆಯೊಳಗೆ ಬಂದದ್ದು ಎಲ್ಲಿಂದ? ಒಂದು, ಊರು. ಇಲ್ಲಿ ಮಕ್ಕಳು ಭಾರತದ ಹಾಕಿ ತಂಡದಲ್ಲಿ ಆಡಿದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಹೆಸರು ಕೇಳುತ್ತಾ ಬೆಳೆಯುತ್ತಾರೆ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಮುಟ್ಟಿತು. ಇಂಥ ಜಿಲ್ಲೆಯಲ್ಲಿ ಒಕ್ಕದ (ಕೊಡವ ಮನೆತನದ) ತಂಡ ಇಲ್ಲದ, ತೋಟದ ರೈಟರ್ ಮಗ ಜಿಲ್ಲಾ ತಂಡಕ್ಕೆ ಹೋದರೆ ಅದು ಅವನೊಬ್ಬನ ಗೆಲುವಾಗಿ ಉಳಿಯುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯವರು, ಚರ್ಚಿನವರು ಎಲ್ಲ ಅದರಲ್ಲಿ ಪಾಲುದಾರರು. ಅವನು ಬಿಟ್ಟರೆ ಅವರಿಗೂ ಏನೋ ಕಳೆದುಹೋದ ಹಾಗೆ. ಅದು ಪ್ರೀತಿಯೇ, ಆದರೆ ಭಾರ ಹೊರುವವನು ಅವನೊಬ್ಬನೇ. ಎರಡು, ಕಾಯಿಲೆ ಬಂದರೆ ಪಾಪ, ಗೆದ್ದರೆ ಆಶೀರ್ವಾದ ಎಂದು ಲೆಕ್ಕ ಹಾಕುವ ಸಮೃದ್ಧಿ ಬೋಧನೆ. ಯೂಟ್ಯೂಬಿನಲ್ಲಿ ಸಿಗುವ ಪ್ರಸಂಗಗಳಲ್ಲಿ ಇದು ಧಾರಾಳವಾಗಿದೆ. ಆ ಲೆಕ್ಕದಲ್ಲಿ ಶಿಲುಬೆ ಎಲ್ಲಿ ಕೂರುತ್ತದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಬೋಧಕರು ಕೆಟ್ಟ ಮನಸ್ಸಿನಿಂದಲೇ ಹೇಳಿದ್ದಾರೆ ಎಂದು ನಾನು ಅನ್ನುವುದಿಲ್ಲ. ಹೇಳಿದ್ದು ಮಾತ್ರ ತಪ್ಪು.

ಈಗ ಮಗನ ನಿರ್ಧಾರ. ‘ಬಿಡುವುದು ಪಾಪವಾ’ ಎಂದರೆ, ಇಲ್ಲ. ಒಬ್ಬರ ಕಥೆ ಹೇಳುತ್ತೇನೆ. ಎರಿಕ್ ಲಿಡೆಲ್ ಎಂಬ ಸ್ಕಾಟ್ಲೆಂಡಿನ ಓಟಗಾರ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡುವುದಿಲ್ಲ ಎಂದು 100 ಮೀಟರ್ ಬಿಟ್ಟ, 400 ಮೀಟರ್‌ನಲ್ಲಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಪ್ರಾರ್ಥನಾ ಕೂಟಗಳಲ್ಲಿ ಅವನ ಹೆಸರು ಆಗಾಗ ಬರುತ್ತದೆ. ‘ನಾನು ಓಡುವಾಗ ದೇವರು ಸಂತೋಷಪಡುವುದು ನನಗೆ ಅನುಭವವಾಗುತ್ತದೆ’ ಎಂಬ ಮಾತನ್ನು ಅವನದ್ದೆಂದು ಹೇಳುತ್ತಾರೆ. ಅದು 1981ರ ಒಂದು ಸಿನಿಮಾದ ಡೈಲಾಗ್. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಒಲಿಂಪಿಕ್ಸ್ ಗೆದ್ದ ಮರುವರ್ಷವೇ, ಇಪ್ಪತ್ತಮೂರರ ಪ್ರಾಯದಲ್ಲಿ, ಓಟದ ಉತ್ತುಂಗದಲ್ಲಿದ್ದಾಗಲೇ ಅವನು ಚೀನಾಕ್ಕೆ ಹೋಗಿ ಶಾಲೆಯಲ್ಲಿ ಮೇಷ್ಟ್ರಾದ. ವಿಜ್ಞಾನ ಪಾಠ ಮಾಡಿದ. ತಲಾಂತು ಹೂತಿಟ್ಟ ಎಂದು ಅವನನ್ನು ಯಾರಾದರೂ ಬೈದಿದ್ದಾರಾ?

‘ಅವನು ಹೋದದ್ದು ದೇವರ ಸೇವೆಗೆ, ನಮ್ಮವನು ಹೋಗುವುದು ಗ್ಯಾರೇಜಿಗೆ’ ಎಂದು ಕೂಟದಲ್ಲಿ ಯಾರಾದರೂ ಅನ್ನಬಹುದು. ಆಗ ವಿಮೋಚನಕಾಂಡ 31 ತೆಗೆದು ತೋರಿಸಿ. ಅಲ್ಲಿ ಬೆಚಲೇಲ ಎಂಬವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಎಂದು ದೇವರು ಮೋಶೆಗೆ ಹೇಳುತ್ತಾನೆ. ಬೆಚಲೇಲ ಪ್ರವಾದಿ ಅಲ್ಲ, ಯಾಜಕನೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ಕಲ್ಲು ಕೂರಿಸುವುದು, ಮರ ಕೆತ್ತುವುದು ಬಲ್ಲವನು. ಸ್ಪ್ಯಾನರ್ ಹಿಡಿಯುವ ಕೈ ಸ್ಟಿಕ್ ಹಿಡಿಯುವ ಕೈಗಿಂತ ದೇವರಿಗೆ ದೂರ ಅಲ್ಲ. ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಳೆ ಕೊಚ್ಚುವ ಮೆಷಿನ್ ಕೆಟ್ಟಾಗ ರಿಪೇರಿಯವನಿಗಾಗಿ ಕೊಡಗಿನ ತೋಟಗಳು ಎಷ್ಟು ಕಾಯುತ್ತವೆ ಎಂದು ನಿಮಗೇ ಗೊತ್ತು.

ಆದರೂ ಅವಸರ ಬೇಡ. ಪಾಪ ಅಲ್ಲ ಎಂದಾಕ್ಷಣ ಬಿಡುವುದೇ ಸರಿ ಎಂದಾಗುವುದಿಲ್ಲ. ಅವನು ಯಾಕೆ ಬಿಡುತ್ತಿದ್ದಾನೆ ಎಂದು ಗೊತ್ತಾಗಬೇಕು. ಮೆಷಿನ್ ಕೆಲಸ ನಿಜವಾಗಿ ಇಷ್ಟವಾ? ಕಾಲು ಮತ್ತೆ ಹೋದೀತು ಎಂಬ ಭಯವಾ? ಅಥವಾ ಸಭೆಯಲ್ಲಿ ಆದ ಅವಮಾನದ ಸಿಟ್ಟಾ? ಹೊರಗಿನಿಂದ ಮೂರೂ ‘ಸಾಕಮ್ಮ’ ಎಂದೇ ಕೇಳಿಸುತ್ತವೆ.

ಮರಳಿ ಆಡುವುದಾದರೆ ಇಂಥ ಆಪರೇಷನ್ ನಂತರ ಸಾಮಾನ್ಯವಾಗಿ ಒಂಬತ್ತು ತಿಂಗಳು, ಕೆಲವರಿಗೆ ಒಂದು ವರ್ಷವೇ ಬೇಕಾಗುತ್ತದೆ. ಫಿಸಿಯೊಥೆರಪಿ ಅರ್ಧಕ್ಕೆ ಬಿಟ್ಟು ಬೇಗ ಇಳಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಜಾಸ್ತಿ. ಸೇನೆ, ರೈಲ್ವೆ, ಪೊಲೀಸ್ ಇಲಾಖೆಯ ಸ್ಪೋರ್ಟ್ಸ್ ಕೋಟಾ ನಿಮ್ಮ ಯಜಮಾನರ ಮನಸ್ಸಿನಲ್ಲಿರಬಹುದು. ನ್ಯಾಯವಾದ ಆಸೆ, ಆದರೆ ಅಲ್ಲಿ ಜಾಗ ಕಡಿಮೆ, ಕಾಯುವವರು ಬಹಳ. ನನಗೆ ದೊಡ್ಡ ಅಪಾಯವಾಗಿ ಕಾಣುವುದು ಬೇರೆ. ಹೆದರಿ ಮರಳಿದವನಿಗೆ ಕಾಲು ಎರಡನೇ ಸಲ ನೋವಾದರೆ ಅವನು ಅದನ್ನು ಎರಡನೇ ಶಿಕ್ಷೆ ಎಂದೇ ತಿಳಿಯುತ್ತಾನೆ.

ಪೂರ್ತಿ ಬಿಟ್ಟರೂ ನೋವಿದೆ. ಆರನೇ ಕ್ಲಾಸಿನಿಂದ ‘ಹಾಕಿ ಹುಡುಗ’ ಎಂದು ಕರೆಸಿಕೊಂಡವನು ಒಮ್ಮೆಲೇ ಆ ಹೆಸರು, ಆ ಗೆಳೆಯರು, ಸಂಜೆಯ ಆ ಹೊತ್ತು ಎಲ್ಲ ಕಳೆದುಕೊಳ್ಳುತ್ತಾನೆ. ಮುಂದೆ ಎಂದೋ ಗೆಳೆಯನೊಬ್ಬ ರಾಜ್ಯ ತಂಡಕ್ಕೆ ಹೋದಾಗ ಒಳಗೆ ಚುಚ್ಚಬಹುದು. ಅದು ಇಷ್ಟಪಟ್ಟದ್ದನ್ನು ಬಿಟ್ಟವನ ದುಃಖ. ಅದನ್ನು ಪಾಪದ ಗುರುತು ಎಂದು ಯಾರೂ ಓದದಿರಲಿ.

ನನ್ನ ಒಲವು ಸದ್ಯಕ್ಕೆ ನಿರ್ಧಾರ ಮುಂದೂಡುವ ಕಡೆ. ಫಿಸಿಯೊಥೆರಪಿ ಹೇಗಿದ್ದರೂ ಪೂರ್ತಿ ಮಾಡಲಿ, ಜೀಪಿನ ಕೆಳಗೆ ಕೂತು ಏಳಲೂ ಮೊಣಕಾಲು ಬೇಕು. ಪಿಯುಸಿ ಪರೀಕ್ಷೆ ಮುಗಿಯಲಿ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಹಾಕಿ ಮಾತು ಎತ್ತಬೇಡಿ, ಅವನೇ ಎತ್ತಿದರೆ ಕೇಳಿಸಿಕೊಳ್ಳಿ. ಇಷ್ಟವಿದ್ದರೆ ರಜೆಯಲ್ಲಿ ಪರಿಚಯದ ಗ್ಯಾರೇಜಿನಲ್ಲಿ ಕೆಲವು ವಾರ ಕೆಲಸ ಮಾಡಿ ನೋಡಲಿ. ಗ್ರೀಸ್ ಮೆತ್ತಿದ ಮೇಲೂ ಆಸೆ ಉಳಿದರೆ ಅದು ನಿಜವಾದ ಆಸೆ. ಸಣ್ಣ ಮಕ್ಕಳಿಗೆ ಹೇಳಿಕೊಡುವುದು, ಅಂಪೈರಿಂಗ್ ಕಲಿಯುವುದು ಮಧ್ಯದ ದಾರಿಗಳು. ಈ ಮುಂದೂಡಿಕೆಗೂ ಒಂದು ತೊಂದರೆ ಇದೆ, ಸುಮ್ನೆ ಎಳೆದುಕೊಂಡು ಹೋಗಬಹುದು. ಹಾಗಾಗಿ ಪರೀಕ್ಷೆ ಮುಗಿದ ಇಂಥ ವಾರ ಕೂತು ಮಾತಾಡುತ್ತೇವೆ ಎಂದು ಈಗಲೇ ಹೇಳಿಡಿ. ಕೊನೆಯ ಮಾತು ಅವನದ್ದೇ ಇರಲಿ.

ಒಂದು ಎಚ್ಚರಿಕೆ. ಗಾಯದಿಂದ ಆಟ ನಿಂತ ಮಕ್ಕಳು ಕೆಲವೊಮ್ಮೆ ಖಿನ್ನತೆಗೆ ಜಾರುತ್ತಾರೆ. ನಿದ್ದೆ ಕೆಟ್ಟರೆ, ಗೆಳೆಯರನ್ನು ದೂರ ಮಾಡಿದರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ನೋಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಮಗಳ ವಿಷಯ ನನಗೆ ಮಗನದ್ದಕ್ಕಿಂತ ಹೆಚ್ಚು ಕಾಡಿತು. ‘ಅಜ್ಜಿಯನ್ನು ನೋಡಿಕೊಳ್ಳುವುದೇ ನಿನ್ನ ತಲಾಂತು’ ಎಂದು ಅವಳಿಗೆ ದಯವಿಟ್ಟು ಹೇಳಬೇಡಿ. ಕೇಳಲು ಚೆನ್ನಾಗಿದೆ. ರೋಮಾಪುರದವರ ಪತ್ರ 12ರಲ್ಲಿ ಕರುಣೆ ತೋರುವುದೂ ವರಗಳ ಪಟ್ಟಿಯಲ್ಲಿದೆ, ಅದೂ ನಿಜ. ಆದರೆ ನಮ್ಮ ಮನೆಗಳಲ್ಲಿ ಗಂಡು ಮಕ್ಕಳ ವರ ಯಾವಾಗಲೂ ಮೈದಾನದಲ್ಲಿ, ಹೆಣ್ಣು ಮಕ್ಕಳ ವರ ಯಾವಾಗಲೂ ಅಡುಗೆಮನೆಯಲ್ಲಿ ಸಿಗುತ್ತದೆ. ಇದು ದೇವರ ಹಂಚಿಕೆಯೋ ನಮ್ಮ ಅನುಕೂಲವೋ, ಕೇಳಿಕೊಳ್ಳಿ. ಅವಳಣ್ಣನಿಗೆ ಪ್ರತಿಭೆ ಇದೆ ಎಂದು ಗೊತ್ತಾದದ್ದು ಯಾರೋ ಅವನ ಕೈಗೆ ಸ್ಟಿಕ್ ಕೊಟ್ಟಿದ್ದಕ್ಕೆ. ಇವಳ ಕೈಗೆ ಇದುವರೆಗೆ ಏನು ಕೊಟ್ಟಿದ್ದೀರಿ? ಅಜ್ಜಿಯ ಮಾತ್ರೆಯ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಿ, ಈಗ ಮನೆಯಲ್ಲೇ ಕೂತಿರುವ ಅಣ್ಣನೂ ಮಾಡಲಿ. ಅವಳಿಗೆ ಸಂಜೆ ಒಂದು ಗಂಟೆ ಬಿಡುವಾಗಲಿ. ಚಿತ್ರವೋ, ಓಟವೋ, ಗಣಿತವೋ, ಏನನ್ನಾದರೂ ಹಿಡಿಯಲಿ, ಬಿಡಲಿ. ಪ್ರತಿಭೆಗಳು ಸಮನಾಗಿ ಹಂಚಿಕೆಯಾಗಿಲ್ಲ ಎಂದು ಕಥೋಲಿಕ ಚರ್ಚಿನ ಧರ್ಮೋಪದೇಶ ಗ್ರಂಥವೂ (ಕ್ಯಾಟೆಕಿಸಂ) ಒಪ್ಪುತ್ತದೆ. ಒಬ್ಬರಿಗೊಬ್ಬರು ಬೇಕಾಗಲಿ ಎಂದೇ ಹೀಗೆ ಎನ್ನುತ್ತದೆ. ಆದರೆ ಯಾರಿಗೆ ಏನು ಸಿಕ್ಕಿದೆ ಎಂದು 14ನೇ ವಯಸ್ಸಿಗೇ ಪಟ್ಟಿ ಮುಚ್ಚಬೇಕು ಎಂದು ಹೇಳುವುದಿಲ್ಲ.

ಯಜಮಾನರನ್ನು ಪೂಜೆಗೆ ಎಳೆದುಕೊಂಡು ಹೋಗಬೇಡಿ. ‘ದೇವರು ಬಂದು ಬೂಟು ಕೊಡಿಸಿದ್ನಾ’ ಎಂದವರಿಗೆ ‘ದೇವರೇ ನಿಮ್ಮ ಮೂಲಕ ಕೊಡಿಸಿದ’ ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ದೈವಶಾಸ್ತ್ರದ ಪ್ರಕಾರ ಅದು ಸರಿ ಕೂಡ. ಆದರೆ ಈಗ ಹೇಳಿದರೆ ಅವರ ಶ್ರಮವನ್ನು ಮತ್ತೊಮ್ಮೆ ಅಳಿಸಿಹಾಕಿದ ಹಾಗೆ. ‘ಬೂಟು ನೀವು ಕೊಡಿಸಿದಿರಿ, ನಾನು ನೋಡಿದ್ದೇನೆ’ ಎಂದು ನೀವು ಹೇಳಿ. ಮಗನ ಮುಂದೆ ಹೇಳಿ. ಅವರ ಸಿಟ್ಟು ದೇವರ ಮೇಲಿರುವ ಹಾಗೆ ನನಗೆ ಕಾಣುತ್ತಿಲ್ಲ, ತನ್ನ ಮಗನನ್ನು ಎಲ್ಲರ ಮುಂದೆ ನಿಲ್ಲಿಸಿ ಆಡಿದ ಮಾತಿನ ಮೇಲಿದೆ. ನಿಮ್ಮ ಧರ್ಮಕೇಂದ್ರದ ಫಾದರ್ ಹತ್ತಿರ ಆ ಮಾತನ್ನು ಹಾಗೇ ತಿಳಿಸಿ. ಕೂಟದಲ್ಲಿ ಯಾರು ಏನು ಬೋಧಿಸುತ್ತಾರೆ ಎಂದು ನೋಡುವುದು ಅವರ ಜವಾಬ್ದಾರಿ. ಅವರೇ ಒಂದು ಸಂಜೆ ಮನೆಗೆ ಬಂದು ಯಜಮಾನರ ಜೊತೆ ಕಾಫಿ ಕುಡಿದು ಹೋದರೆ ಇನ್ನೂ ಒಳ್ಳೆಯದು.

ಸಾಕ್ಷಿ ಹೇಳಿಸುವುದು ಬೇಡ. ಅವನ ಮನಸ್ಸಿನಲ್ಲಿ ಇನ್ನೂ ಮುಗಿಯದ ಕಥೆಯನ್ನು ವೇದಿಕೆಯ ಮೇಲೆ ಮುಗಿಸಿ ಹೇಳಬೇಕಾಗುತ್ತದೆ. ಆಟಕ್ಕೆ ಮರಳಿದೆ ಎಂದರೆ ಒಂದು ಚಪ್ಪಾಳೆ, ಬಿಟ್ಟೆ ಎಂದರೆ ಒಂದು ಪಿಸುಮಾತು. ಎರಡೂ ಅವನಿಗೆ ಈಗ ಬೇಡ. ಕಾರ್ಯಕ್ರಮದವರಿಗೆ ‘ಈ ವರ್ಷ ಆಗುವುದಿಲ್ಲ’ ಎಂದಷ್ಟೇ ಹೇಳಿ, ಕಾರಣ ಕೊಡಬೇಕಾಗಿಲ್ಲ. ಆ ಫೋನ್ ನೀವೇ ಮಾಡಿ, ಅವನ ಕೈಯಲ್ಲಿ ಮಾಡಿಸಬೇಡಿ.